ಅದಾರೋ, ಹೋಗ್ಯಾರೋ?

ಸಿಂಧನೂರಿನ ಬಜಾರದಲ್ಲಿ ವಿರೇಶ ಸಾವಕಾರರ ಭಾಂಡೆ ಅಂಗಡಿ ಯಾವುದೆಂದರೆ ಯಾರಾದರೂ ತೋರಿಸುತ್ತಾರೆ. ಅದರ ಬಾಗಿಲ ಬಲಗಡೆ, ಸ್ಟೀಲಿನ ಕೊಡಗಳ ಸಾಲು ಮುಗಿಯುವಲ್ಲಿ ಒಂದು ಮಣೆ. ಇಪ್ಪತ್ತಾರು ವರ್ಷದಿಂದ ಆ ಮಣೆಯ ಮೇಲೆ ಚಾಂದ್‌ಬೀ ಕೂತಿದ್ದಾಳೆ. ಇಷ್ಟರಲ್ಲಿ ಮಣೆ ಎರಡು ಸಲ ಬದಲಾಗಿದೆ, ಸಾವಕಾರರು ಒಂದು ಸಲ ಬದಲಾಗಿದ್ದಾರೆ. ಮೊದಲು ಗಲ್ಲಾದ ಹಿಂದೆ ಅಪ್ಪ ಇದ್ದರು, ಈಗ ಮಗ. ಚಾಂದ್‌ಬೀ ಮಾತ್ರ ಅವಳೇ.

ಭಾಂಡೆ ಸಾಮಾನಿನ ಮೇಲೆ ಹೆಸರು ಹಾಕುವುದು ಆಕೆಯ ಕೆಲಸ. ಕೈಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಕರೆಂಟಿನ ಪೆನ್ನು. ಗುಂಡಿ ಅದುಮಿದರೆ ಅದರ ತುದಿಯ ಮುಳ್ಳು ಜೀರುಂಡೆಯ ಹಾಗೆ ಗುರ್ರೆಂದು ಸ್ಟೀಲನ್ನು ಕಚ್ಚುತ್ತದೆ. ಶಾಲೆಗೆ ಆಕೆ ಹೋದದ್ದು ಎರಡನೆಯ ಇಯತ್ತೆಯ ಅರ್ಧದವರೆಗೆ. ಮಿಕ್ಕ ಕನ್ನಡವನ್ನೆಲ್ಲ ತಂಬಿಗೆಯ ಮೇಲೆ ಕಲಿತಳು. ಪೇಪರು ಕೊಟ್ಟರೆ ಓದಲು ಬಾರದು. ಆದರೆ ಯಾರ ಮನೆಯ ಡಬ್ಬಿ ಯಾರ ಮನೆಯಲ್ಲಿ ವಾಪಸಾಗದೆ ಉಳಿದಿದೆ ಎಂಬುದನ್ನು ಒಂದೇ ನೋಟಕ್ಕೆ ಓದಿಬಿಡುತ್ತಾಳೆ.

ಪೆನ್ನು ಅದುಮುವ ಮೊದಲು ಆಕೆ ಗಿರಾಕಿಯನ್ನು ಒಂದೇ ಮಾತು ಕೇಳುತ್ತಾಳೆ: "ಹೆಸರಿನವ್ರು ಅದಾರೋ, ಹೋಗ್ಯಾರೋ?"

ಕೇಳದೆ ಗತಿಯಿಲ್ಲ. ಇದ್ದವರ ಹೆಸರಿಗೆ ಮೊದಲು 'ಶ್ರೀ' ಬರಬೇಕು, ತೀರಿಕೊಂಡವರ ಹೆಸರಿಗೆ ಮೊದಲು 'ದಿ.' ಬರಬೇಕು. ಸಾಲದ್ದಕ್ಕೆ ತಾರೀಕು ಬರೆಯುವಾಗಲೂ ಅದೇ 'ದಿ.' ಬರುತ್ತದೆ. ದಿವಂಗತಕ್ಕೂ ದಿನಾಂಕಕ್ಕೂ ಒಂದೇ ಅಕ್ಷರವನ್ನು ಹಂಚಿದವರು ಸ್ಟೀಲಿನ ಮೇಲೆ ಯಾವತ್ತೂ ಬರೆದವರಲ್ಲ. ಹಾಳೆಯ ಮೇಲಿನದನ್ನು ಅಳಿಸಬಹುದು. ತಾಟಿನ ಮೇಲೆ ಬಿದ್ದದ್ದು ತಾಟು ಇರುವ ತನಕ ಇರುತ್ತದೆ.

ವಿರೇಶ ಸಾವಕಾರರಿಗೆ ಈ ಪ್ರಶ್ನೆ ಕಿವಿಯಲ್ಲಿ ಕಡ್ಡಿ ಆಡಿಸಿದ ಹಾಗೆ.

"ಮದಿವಿ ಮನಿಯವ್ರು ಸಂತಿಗೆ ಬಂದ್ರ ಹೋಗ್ಯಾರೇನು ಅಂತ ಕೇಳ್ತೀಯಲ್ಲಬೇ. ಬ್ಯಾರೆ ಮಾತು ಬರಂಗಿಲ್ಲೇನು ನಿನಗ?"

"ಬರ್ತಾವ್ರೀ ಸಾವಕಾರ್ರ. ಆದ್ರ ಬ್ಯಾರೆ ಮಾತಿಗೆ ಈ ಜವಾಬು ಸಿಗಂಗಿಲ್ಲ."

ಸಾವಕಾರರಿಗೆ ಇನ್ನೊಂದು ಗೀಳು ಇತ್ತು, ಕಂಪ್ಯೂಟರಿನದು. ತಕ್ಕಡಿ ಹೋಗಿ ಕೆಂಪು ಅಂಕಿಯ ತೂಕದ ಯಂತ್ರ ಬಂದ ದಿನವೇ ಬೋರ್ಡಿನ ಮೇಲೆ 'ಸಂಪೂರ್ಣ ಕಂಪ್ಯೂಟರೀಕೃತ' ಎಂದು ಬರೆಸಿದ್ದರು. ಬೋರ್ಡಿನ ಕೆಳಗೆ ಕೈಯಲ್ಲಿ ಅಕ್ಷರ ಕೊರೆಯುವ ಮುದುಕಿ ಕೂತಿರುವುದು ಅವರಿಗೆ ಮಾತಿನ ಮೇಲೆ ನಿಲ್ಲದವನ ಸಂಕಟ ಕೊಡುತ್ತಿತ್ತು.

ಅವರ ಅಕ್ಕನ ಮಗ ಪವನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುವವನು. ಲಿಂಗಸುಗೂರಿನಲ್ಲಿ ಒಂದು ತರಬೇತಿ ಕೇಂದ್ರ ಮುಚ್ಚಿತೆಂದೂ, ಅಲ್ಲಿಯ ಸಾಮಾನು ಹರಾಜಿಗಿದೆಯೆಂದೂ, ಅದರಲ್ಲಿ ಮೇಜಿನ ಮೇಲಿಡುವ ಸಿಎನ್‌ಸಿ ಯಂತ್ರವೊಂದಿದೆಯೆಂದೂ ಅವನೇ ಸುದ್ದಿ ತಂದ. ಕಂಪ್ಯೂಟರಿನಲ್ಲಿ ಹೆಸರು ಬರೆದರೆ ಯಂತ್ರ ತಾನೇ ಕೊರೆಯುತ್ತದೆ. ಕೇಂದ್ರದಲ್ಲಿ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು ನೂರು ಜನ. ಅದನ್ನು ಚಾಲೂ ಮಾಡಿ ನೋಡಿದವರು ಸಿಗಲಿಲ್ಲ.

ಯಂತ್ರ ಬಂತು. ಹೊಲಿಗೆ ಮಶಿನ್ನಿನಷ್ಟು ಗಾತ್ರ. ಕೆಳಗೊಂದು ಹಲಗೆ, ಮೇಲೊಂದು ಕಮಾನು, ಮೂರು ಮೋಟಾರು. ಒಂದು ಎಡ-ಬಲಕ್ಕೆ, ಒಂದು ಹಿಂದೆ-ಮುಂದೆ, ಒಂದು ಮೇಲೆ-ಕೆಳಗೆ. ಸಾವಕಾರರು ಅದಕ್ಕೆ ಕುಂಕುಮ ಹಚ್ಚಿ ಚಾಂದ್‌ಬೀಯ ಕಡೆ ತಿರುಗಿದರು.

"ಇದೊಂದು ಚಾಲೂ ಆತಂದ್ರ ನೀ ಆರಾಮ ಇರಬೇ. ಎಷ್ಟು ವರ್ಷ ಅಂತ ಕುಂಡ್ರತಿ ಆ ಮಣಿ ಮ್ಯಾಲೆ."

ಇಪ್ಪತ್ತಾರು ವರ್ಷ ಕೂತವಳನ್ನು ಏಳು ಎನ್ನುವುದಕ್ಕೆ ಇಷ್ಟು ಮೆತ್ತನೆಯ ಮಾತು ಇದೆಯೆಂದು ಆಕೆಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಸೌಟಿನ ಹೆಸರು ಮುಗಿಸಿದಳು, ಒರೆಸಿಟ್ಟಳು.

ಪವನ ಪ್ಲಗ್ಗು ಹಾಕಿದ. ಯಂತ್ರ ಮಿಸುಕಲಿಲ್ಲ. ಹಿಂದಿನ ಡಬ್ಬಿ ಬಿಚ್ಚಿದರೆ ಒಳಗಿನ ಬೋರ್ಡಿನ ಮೇಲೆ ಒಂದು ಹಲ್ಲಿ ಸುಟ್ಟು ಕರಕಲಾಗಿ ಮಲಗಿತ್ತು. ಹಲ್ಲಿ ಬಲಗಡೆ ಬಿದ್ದಿದೆಯೋ ಎಡಗಡೆಯೋ, ಶಕುನ ಏನು ಎಂದು ಸಾವಕಾರರು ಪಂಚಾಂಗ ತೆಗೆದರು. ಪವನ ಲ್ಯಾಪ್‌ಟಾಪ್ ತೆಗೆದು ಹದಿನೆಂಟು ಪುಟದ ಒಂದು ಪ್ರೆಸೆಂಟೇಶನ್ ಸಿದ್ಧ ಮಾಡಿದ. ಹನ್ನೆರಡು ಪುಟ ಸಿಎನ್‌ಸಿ ಎಂದರೇನು ಎಂಬುದಕ್ಕೆ, ಐದು ಪುಟ ಅದರ ಭವಿಷ್ಯಕ್ಕೆ, ಕೊನೆಯದು ಧನ್ಯವಾದಕ್ಕೆ. ಹಲ್ಲಿಗೆ ಪುಟ ಸಿಗಲಿಲ್ಲ.

ವಾರ ಕಳೆದ ಮೇಲೆ ಸಾವಕಾರರೇ ನೆನಪು ಮಾಡಿಕೊಂಡರು. "ಮಸ್ಕ್ಯಾಗ ನಿನ್ನ ತಂಗಿ ಮಗ ನಿಯಾಜ್ ಅದಾನಲ್ಲಬೇ. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಮಾಡಿಕೊಡಾಂವ. ಅವಗ ಒಯ್ದು ತೋರ್ಸು."

ಹೀಗೆ ತನ್ನ ಮಣೆ ಕಸಿಯಲು ಬಂದ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಚಾಂದ್‌ಬೀ ಮಸ್ಕಿ ಬಸ್ಸು ಹತ್ತಿದಳು. ಕಂಡಕ್ಟರ್ ಚೀಲವನ್ನು ಬೆರಳಿನಿಂದ ತಿವಿದ.

"ಇದೇನಬೇ ಅಮ್ಮ?"

"ನನ್ನ ಸವತಿ. ಮೈಯಾಗ ಆರಾಮಿಲ್ಲ. ದವಾಖಾನಿಗೆ ಕರಕೊಂಡು ಹೊಂಟೀನಿ."

ಮಸ್ಕಿ ಬಸ್ ಸ್ಟ್ಯಾಂಡಿನ ಎದುರು ನಿಯಾಜನ ಅಂಗಡಿ, ಎರಡು ಮಂಚದಷ್ಟು ಜಾಗ. ಸುಟ್ಟ ಬೋರ್ಡನ್ನು ಹಲ್ಲಿಯ ಸಮೇತ ಬದಿಗಿಟ್ಟು, ಅಂಗೈಗಿಂತ ಸಣ್ಣದೊಂದು ನೀಲಿ ಬೋರ್ಡು ತೆಗೆದ. ಶಾಲೆಯ ಮಕ್ಕಳು ಬಲ್ಬು ಮಿಣುಕಿಸಿ ಕಲಿಯುವ ಬೋರ್ಡು ಅದು. ಇವನು ಅದರಿಂದ ಗೊರೇಬಾಳದ ಕಡೆಯ ಗದ್ದೆಗಳ ಪಂಪು ನಡೆಸಿದ್ದ. ಅದರ ಮೇಲೆ ಉಗುರಿನಷ್ಟು ಸಣ್ಣ ಮೂರು ಕೆಂಪು ಬೋರ್ಡು ಕೂರಿಸಿದ, ಮೋಟಾರಿಗೊಂದರಂತೆ. ತೊಡಕು ಬಂದದ್ದು ತಂತಿಯಲ್ಲಿ. ಒಂದೊಂದು ಮೋಟಾರಿಗೆ ನಾಲ್ಕು ತಂತಿ, ಯಾವ ಎರಡು ಜೋಡಿ ಎಂದು ಗೊತ್ತಿಲ್ಲ.

"ಖಾಲಾ, ನೀ ಮೋಟಾರಿನ ಕಡ್ಡಿ ಬೆರಳಿಲೆ ತಿರುಗಿಸು. ನಾ ಎರಡೆರಡು ತಂತಿ ಕೂಡಸ್ತೀನಿ. ಜೋಡಿ ಸಿಕ್ರ ಕಡ್ಡಿ ಬಿಗಿ ಆಗ್ತೈತಿ. ಈಗ?"

"ಸಡ್ಲ."

"ಈಗ?"

"ಸಡ್ಲ."

"ಈಗ?"

"ತಡಿ. ಬಿಗಿ ಆತು. ಇವೆರಡು ಗಂಡ-ಹೆಂಡ್ತಿ."

ಮೂರು ಮೋಟಾರಿನ ಆರು ಸಂಸಾರ ಕೂಡಿಸುವ ಹೊತ್ತಿಗೆ ಮಧ್ಯಾಹ್ನ ದಾಟಿತು. ನಿಯಾಜ್ ಕೆಂಪು ಬೋರ್ಡಿನ ಸಾಸಿವೆಯಂಥ ತಿರುಪು ತಿರುಗಿಸಿದ. ಹೆಚ್ಚಾದರೆ ಬೋರ್ಡು ಬಿಸಿ, ಕಮ್ಮಿಯಾದರೆ ಮೋಟಾರು ನಡೆಯದೆ ಬರೀ ನರಳುತ್ತದೆ. ಯಂತ್ರ ನಡೆಯಿತು. ಆದರೆ ಅದರ ಮೂಲ ಮುಳ್ಳು ಸ್ಟೀಲಿನ ಮೇಲೆ ಬರೀ ಜಾರಿತು. ನಿಯಾಜ್ ಸುತ್ತ ನೋಡಿ, ಖಾಲಾಳ ಚೀಲದಿಂದ ಇಣುಕುತ್ತಿದ್ದ ಪೆನ್ನಿನ ಮೇಲೆ ಕಣ್ಣು ನಿಲ್ಲಿಸಿದ. ಆಕೆ ಅದನ್ನು ತೆಗೆದು, ಸೆರಗಿನಿಂದ ಒರೆಸಿ ಕೊಟ್ಟಳು. ಯಂತ್ರದ ಕಬ್ಬಿಣದ ಕೈ ಅದನ್ನು ಎರಡು ತಿರುಪಿನಲ್ಲಿ ಬಿಗಿಯಾಗಿ ಹಿಡಿಯಿತು.

ಅಂಗಡಿಯಲ್ಲಿ ತೆಂಗಿನಕಾಯಿ ಒಡೆದು ಉದ್ಘಾಟನೆಯಾಯಿತು. ಪವನ ಮೊದಲು ತನ್ನದೇ ಹೆಸರನ್ನು ಇಂಗ್ಲಿಷಿನಲ್ಲಿ ಕೊರೆಸಿದ. ಎಲ್ಲ ನೆಟ್ಟನೆ ಗೆರೆಗಳು, ಕಂಬ ನೆಟ್ಟ ಹಾಗೆ ಬಂದವು. ಮೊದಲ ಅಕ್ಷರದ ಹೊಟ್ಟೆ ಒಂದಿಷ್ಟು ಬಾಯಿ ತೆರೆದಿತ್ತು. ಚಪ್ಪಾಳೆಯಲ್ಲಿ ಅದನ್ನು ನೋಡಿದವಳು ಚಾಂದ್‌ಬೀ ಒಬ್ಬಳೇ.

ಯಂತ್ರಕ್ಕೆ ಸಪಾಟಾದದ್ದು ಮಾತ್ರ ಒಗ್ಗುತ್ತದೆ, ತಂಬಿಗೆ ಕೊಡಗಳ ಮೈ ಆಗುವುದಿಲ್ಲ ಎಂದು ಅವತ್ತೇ ತಿಳಿಯಿತು. ಸಾವಕಾರರು ಧೃತಿಗೆಡಲಿಲ್ಲ. ಇನ್ನು ಮುಂದೆ ಕೊಡದ ಹೆಸರು ಕೊಡದ ಮೇಲೆ ಬರುವುದಿಲ್ಲ, ಕೊಡದ ಜೊತೆ ಒಂದು ಮುಚ್ಚಳ ಕೊಡಲಾಗುವುದು, ಹೆಸರು ಮುಚ್ಚಳದ ಮೇಲೆ ಎಂದು ಸಾರಿದರು.

ಮೂರನೆಯ ದಿನ ಹೊಸ ಮದುಮಗಳು ಪದ್ಮಾವತಿ ಒಂದು ಮುಚ್ಚಳ ಹಿಡಿದುಕೊಂಡು ಬಂದಳು. ಸೀದಾ ಮಣೆಯ ಮುಂದೆ ನಿಂತಳು.

"ಅಮ್ಮಾ, ಏನಂತ ಬರದೀಯವ್ವ ಇದು?"

ಚಾಂದ್‌ಬೀ ಮುಚ್ಚಳವನ್ನು ಬೆಳಕಿಗೆ ಹಿಡಿದಳು. 'ವ'ದ ಸುತ್ತು ಕೂಡಬೇಕಾದಲ್ಲಿ ಕೂಡದೆ, ಒಂದು ಎಳ್ಳಿನಷ್ಟು ಬಾಯಿ ಬಿಟ್ಟು 'ಪ' ಆಗಿ ಕೂತಿತ್ತು. ಪದ್ಮಾಪತಿ.

"ನಮ್ಮತ್ತಿ ಓದಿ, ಪದ್ಮಾ ಅನ್ನಾಕಿ ಯಾರು, ಆಕಿ ಗಂಡ ಯಾರು, ಅವನ ಕೊಡ ನಮ್ಮ ಮನ್ಯಾಗ ಯಾಕ ಬಂತು ಅಂತ ಮುಂಜಾನಿಂದ ಕೇಳಾಕತ್ತಾಳ. ನಿನ್ನ ಕಣ್ಣು ಹೋದ್ವು ಅನ್ಸತೈತಿ. ಮನ್ಯಾಗ ಇರಬಾರದ?"

ಗಲ್ಲಾದ ಹಿಂದಿನಿಂದ ಸಾವಕಾರರು ಅದು ಮಶಿನ್ನಿನ ಬರಹ ಎಂದು ಹೇಳಬಹುದಿತ್ತು. ಅವರಿಗೆ ಅದೇ ಹೊತ್ತಿಗೆ ಮೊಬೈಲು ನೋಡುವ ಜರೂರು ಬಂತು.

ಅವತ್ತು ಸಂಜೆಯ ಹೊತ್ತಿಗೆ ಇಂಥ ನಾಲ್ಕು ಮುಚ್ಚಳ ಬಂದವು. ಒಂದರಲ್ಲಿ ಅಂಗಡಿಯ ಗುರುತೆಂದು ಕೊರೆಸಿದ್ದ, ವಿರೇಶ ಎಂಬ ಸಾವಕಾರರ ಸ್ವಂತ ಹೆಸರೇ ಪಿರೇಶ ಆಗಿತ್ತು. ನಾಲ್ಕರ ಬೈಗುಳವೂ ಮಣೆಯ ಮುಂದೆಯೇ ಇಳಿಯಿತು. ಬಜಾರದಲ್ಲಿ ಅಕ್ಷರ ಅಂದರೆ ಚಾಂದ್‌ಬೀ. ಮರುದಿನ ಆಕೆ ಮಸ್ಕಿಗೆ ಹೋಗಲಿಲ್ಲ, ನಿಯಾಜನನ್ನೇ ಕರೆಸಿದಳು.

ನಿಯಾಜ್ ಆಕೆಯ ಕಿವಿಯ ಹತ್ತಿರ ಬಗ್ಗಿದ. "ಖಾಲಾ, ಹಿಂಗ ಬಿಟ್ಟುಬಿಡಣ. ಇನ್ನ ನಾಕು ಮಂದಿ ಬೈದ್ರ ಸಾವಕಾರನ ಇದನ್ನ ಮೂಲಿಗೆ ಒಗೀತಾನ. ನಿನ್ನ ಮಣಿ ನಿನಗ ಉಳೀತೈತಿ. ಸುಧಾರಿಸಿ ಕೊಟ್ಟೀ, ನಾಳೆ ನೀ ಮನಿಗೆ."

ಆಕೆ ಇದನ್ನು ಯೋಚಿಸಿರಲಿಲ್ಲ ಎಂದಲ್ಲ. ರಾತ್ರಿಯಿಡೀ ಅದನ್ನೇ ಹೊರಳಿಸಿದ್ದಳು.

"ಮಣಿ ಸಾವಕಾರಂದು, ಕಸ್ಕೊಳ್ಳಲಿ. ಅಕ್ಷರ ನಂದು. ಇಂಥಾ ಬಾಯಿ ಬಿಟ್ಟ ಅಕ್ಷರ ನನ್ನ ಹೆಸರ ಮ್ಯಾಲೆ ಸಿಂಧನೂರು ತುಂಬ ಅಡ್ಡಾಡೂದು ಬ್ಯಾಡ. ಅದನ್ನ ಮಾಡು."

ಯಂತ್ರದ ರೋಗವನ್ನು ಹಿಡಿದವಳೂ ಆಕೆಯೇ. ಪೆನ್ನು ಬಲಕ್ಕೆ ಹೋಗಿ ಎಡಕ್ಕೆ ತಿರುಗುವ ಕ್ಷಣವನ್ನು ಹತ್ತಾರು ಸಲ ನೋಡಿದಳು. ಒಳಗಿನ ಉದ್ದನೆಯ ತಿರುಪು ತಿರುಗುತ್ತಿತ್ತು, ಪೆನ್ನು ಮಾತ್ರ ರೆಪ್ಪೆ ಬಡಿಯುವಷ್ಟು ಹೊತ್ತು ನಿಂತೇ ಇರುತ್ತಿತ್ತು.

"ಬೀಸುಕಲ್ಲಿನ ಗೂಟ ಸಡ್ಲ ಆದ್ರ ಹಿಂಗ ಆಗ್ತೈತಿ ನೋಡು. ಒಂದ ಕಡೆ ಬೀಸೂತನ ಗೊತ್ತಾಗಂಗಿಲ್ಲ. ತಿರುಗಿಸಿ ಬೀಸಿದ್ರ ಗೂಟ ಮೊದಲ ಓಡತೈತಿ, ಕಲ್ಲು ಆಮ್ಯಾಲೆ. ಇಂಗ್ಲಿಷ್ ಅಕ್ಷರ ಒಂದ ಕಡೆ ಹೋಗಾವು. ನಮ್ಮವು ಎಲ್ಲಾ ಸುತ್ತಿ ಬರಾವು."

ಸವೆದದ್ದು ತಿರುಪಿನ ಮೇಲೆ ಓಡುವ ಹಿತ್ತಾಳೆಯ ನಟ್ಟು. ನಿಯಾಜ್ ಅದರ ಪಕ್ಕ ಇನ್ನೊಂದು ನಟ್ಟು ಹಾಕಿ, ನಡುವೆ ಎರಡನ್ನೂ ದೂಡುವಂಥ ಒಂದು ಸ್ಪ್ರಿಂಗ್ ಬೇಕೆಂದ. ಚಾಂದ್‌ಬೀ ಅಂಗಡಿಯ ಕಪಾಟಿನಿಂದ ಎರಡು ಗ್ಯಾಸ್ ಲೈಟರ್ ತೆಗೆದು, ಬಿಚ್ಚಿ, ಅವುಗಳ ಹೊಟ್ಟೆಯ ಸ್ಪ್ರಿಂಗ್ ಹೊರತೆಗೆದಳು. ಎಡ-ಬಲದ ತಿರುಪಿಗೆ ಒಂದು, ಹಿಂದೆ-ಮುಂದಿನದಕ್ಕೆ ಒಂದು. ಆಮೇಲೆ ಸ್ಟೀಲಿನ ಪಟ್ಟಿ ಹಿಡಿದು ಅಳೆದಳು: ನೂರು ಮಿಲಿಮೀಟರ್ ನಡೆ ಎಂದರೆ ಯಂತ್ರ ತೊಂಬತ್ತೇಳೂವರೆ ನಡೆಯುತ್ತಿತ್ತು. ಅದನ್ನೂ ತಿದ್ದಿಸಿದಳು. ಕೊನೆಗೆ ಪದ್ಮಾವತಿ ಎಂದು ಕೊರೆಸಿ, 'ವ'ದ ಮೇಲೆ ಉಗುರು ಎಳೆದು ನೋಡಿದಳು. ಉಗುರು ಎಲ್ಲೂ ತಡೆಯಲಿಲ್ಲ.

ಮರುದಿನ ಬರುವ ಹೊತ್ತಿಗೆ ಮಣೆಯ ಜಾಗದಲ್ಲಿ ಮೇಜು, ಮೇಜಿನ ಮೇಲೆ ಯಂತ್ರ, ಯಂತ್ರಕ್ಕೆ ಚೆಂಡುಹೂವಿನ ಹಾರ. ಮಣೆ ಒಳಗೆ ಗೋದಾಮಿನಲ್ಲಿತ್ತು. ಅಲ್ಲಿ ಕೂತು ಬಂದ ಸಾಮಾನು ಒರೆಸುವ ಕೆಲಸವನ್ನು ಸಾವಕಾರರು ಆಕೆಗೆ ದೊಡ್ಡ ಮನಸ್ಸಿನಿಂದ ಕೊಟ್ಟರು, ದಸರೆಯ ತನಕ. ಆಮೇಲೆ ಮನೆ.

ಆ ವಾರ ಗೊರೇಬಾಳದ ಸೂಗಪ್ಪ ಗೌಡರು ಬಂದರು. ಅಪ್ಪನ ಕಾಲದ ಗಿರಾಕಿ. ಮಗಳ ಮದುವೆಗೆ ಇನ್ನೂರಾ ಹತ್ತು ತಾಟು, ಲಗ್ನಪತ್ರಿಕೆಯ ಜೊತೆ ಬೀಗರಿಗೆ ಒಂದೊಂದು. ಮುಹೂರ್ತ ಇನ್ನೂ ಗೊತ್ತಾಗಿರಲಿಲ್ಲ. ತಾರೀಕಿಗೆ ಜಾಗ ಬಿಡು, ಆಮೇಲೆ ಹೇಳುತ್ತೇನೆ ಎಂದು ಹೋದರು. ಸಾವಕಾರರು ಚೀಟಿಯ ಮೇಲೆ ಮೂರು ಸಾಲು ಬರೆದರು: ಮೇಲೆ 'ಮದುವೆಯ ಕಾಣಿಕೆ', ನಡುವೆ 'ದಿ.' ಎಂದು ಬರೆದು ಮುಂದೆ ಖಾಲಿ, ಕೆಳಗೆ 'ಸೂಗಪ್ಪ ಗೌಡರು, ಗೊರೇಬಾಳ'. ಆಮೇಲೆ ತಾರೀಕಿನ ವಿಷಯ ಮರೆತರು.

ಯಂತ್ರ ಗುರ್ರೆನ್ನುವ ಸದ್ದು ಕೇಳಿ ಚಾಂದ್‌ಬೀ ಗೋದಾಮಿನ ಬಾಗಿಲಿಗೆ ಬಂದಳು.

"ಸಾವಕಾರ್ರ, ಯಾರ ಹೆಸರು ಹಾಕಾಕತ್ತೀರಿ? ಹೆಸರಿನವ್ರು ಅದಾರೋ..."

"ಸಾಕಬೇ ಆ ಮಾತು. ಮಶಿನ್ ನೋಡು, ಒಂದು ಮಾತಾಡಂಗಿಲ್ಲ. ಎಷ್ಟು ಸಂಸ್ಕಾರ ಐತಿ ಅದಕ್ಕ."

ಸಂಸ್ಕಾರವುಳ್ಳ ಯಂತ್ರ ಇನ್ನೂರಾ ಹತ್ತು ತಾಟನ್ನೂ ಬಾಯಿ ಮುಚ್ಚಿಕೊಂಡು ಮುಗಿಸಿತು. ಪವನನ ಕಂಪ್ಯೂಟರಿಗೆ ಖಾಲಿ ಜಾಗ ಎಂದರೆ ಆಗದು. ಬಿಟ್ಟ ಜಾಗವನ್ನು ನುಂಗಿ, ಒಂಟಿ 'ದಿ.'ಯನ್ನು ಎಳೆದು ತಂದು, ಅಚ್ಚುಕಟ್ಟಾಗಿ ಸೂಗಪ್ಪ ಗೌಡರ ನೆತ್ತಿಯ ಮೇಲೆ ಕೂರಿಸಿತ್ತು. ಅಕ್ಷರಗಳು ಮಾತ್ರ ಬಹಳ ಚಂದ. ಒಂದು ಸುತ್ತೂ ಬಾಯಿ ಬಿಟ್ಟಿರಲಿಲ್ಲ.

ಎಂಟು ದಿನದ ಮೇಲೆ ಗೌಡರು ಮೋಟಾರ್ ಸೈಕಲ್ಲು ನಿಲ್ಲಿಸಿ, ಒಂದು ತಾಟು ಬಗಲಲ್ಲಿ ಹಿಡಿದು ಒಳಗೆ ಬಂದರು.

"ವಿರೇಶಾ, ನಾ ಯಾವಾಗ ಹೋದೆ?"

"ಎಲ್ಲಿಗ್ರೀ ಗೌಡ್ರ?"

"ಅದನ್ನ ನೀನ ಹೇಳಬೇಕಪ್ಪ. ಬರದಾಂವ ನೀನು." ತಾಟು ಗಲ್ಲಾದ ಮೇಲೆ ಕೂತಿತು. "ಮೊದಲನೇ ತಾಟು ಆಳಿನ ಕೈಲೆ ಇಲ್ಲಿಂದ ಸೀದಾ ಮುದಗಲ್ಲಿಗೆ ಕಳಿಸಿದ್ದೆ, ಬೀಗರ ಮನಿಗೆ. ಪತ್ರಿಕಿ ಓದೂಕಿಂತ ಮೊದಲು ತಾಟು ಓದ್ಯಾರ. ಜೀಪು ಮಾಡಿಕೊಂಡು ಹನ್ನೊಂದು ಮಂದಿ ಬಂದ್ರು. ಹಾರ ತಂದಿದ್ರು. ನಾನ ಬಾಗಲ ತೆಗದೆ."

ಸಾವಕಾರರು ಓದಿದರು. ಮತ್ತೆ ಓದಿದರು. ಪವನನಿಗೆ ಫೋನು ಹೋಯಿತು.

"ಆ ಹಾರ ನಮ್ಮ ಬೀಗ ವಾಪಸ್ ಒಯ್ಯಲಿಲ್ಲ," ಎಂದರು ಗೌಡರು. "ಇರಲಿ ಗೌಡ್ರ, ಬೇಕಾಗ್ತೈತಿ ಅಂದ. ಹೊಸಾ ಬೀಗ. ನಾ ಏನ್ ಅನ್ನಲಿ."

ಪವನ ಬಂದು, ತಾರೀಕನ್ನು ಅದೇ ಯಂತ್ರದಲ್ಲಿ ಸೇರಿಸಿದರಾಯಿತು ಎಂದ. ಕೊರೆದ ತಾಟನ್ನು ಮೊದಲಿದ್ದಲ್ಲೇ ಮತ್ತೆ ಕೂರಿಸುವುದು ಹೇಗೆಂದು ಯಂತ್ರಕ್ಕೂ ತಿಳಿಯದು, ಅವನಿಗೂ ತಿಳಿಯದು. ಮೊದಲ ತಾಟಿನಲ್ಲಿ ತಾರೀಕು ಗೊರೇಬಾಳದ ಮೇಲೆ ಬಿತ್ತು. ಎರಡನೆಯದರಲ್ಲಿ ಗೌಡರ ಹೊಟ್ಟೆ ಸೀಳಿತು.

"ಒಂದ ಸಲ ಸಾಕಾಗಲಿಲ್ಲೇನಪ್ಪ?" ಎಂದು ಗೌಡರು ಕೇಳಿದರು.

ಎಲ್ಲರೂ ಗೋದಾಮಿನ ಬಾಗಿಲ ಕಡೆ ನೋಡಿದರು. ಚಾಂದ್‌ಬೀ ಸೆರಗಿಗೆ ಕೈ ಒರೆಸುತ್ತ ಬಂದು ಒಂದು ತಾಟನ್ನು ಎತ್ತಿದಳು. ಕೊರೆದದ್ದನ್ನು ತೆಗೆಯಲು ಆಗದು, ಕೂಡಿಸಲು ಆಗುತ್ತದೆ. 'ದಿ.'ಯ ಬಲಕ್ಕೆ ತಾರೀಕು ಬರೆದರೆ ಒಂದು ಕಡೆ ತೂಕ ಹೆಚ್ಚಾಗುತ್ತದೆ.

"ಮುಹೂರ್ತ ಯಾವತ್ತು ಗೌಡ್ರ?"

"ಮೇ ಒಂಬತ್ತು. ಶುಕ್ರವಾರ."

"ಹಂಗಾರ ಎಡಕ್ಕ ಶುಕ್ರವಾರ, ಬಲಕ್ಕ ತಾರೀಕು. ನಡುವ ದಿ. ಅಂದ್ರ ಅದು ದಿನಾಂಕದ್ದು ಆಗ್ತೈತಿ. ನಿಮ್ಮ ಹೆಸರಿಗೆ ಮೊದಲು ಒಂದು ಶ್ರೀ ಹಾಕ್ತೀನಿ. ಜಾಗ ಐತಿ."

"ಹಾಕಬೇ ಹಾಕು, ಲಗೂನ ಹಾಕು," ಎಂದರು ಸಾವಕಾರರು.

"ಮೊದಲ ನನ್ನ ಪೆನ್ನು ಬಿಚ್ಚರಿ ಅದರ ಕೈಯಿಂದ. ಆಮ್ಯಾಲೆ ನನ್ನ ಮಣಿ ಎಲ್ಲಿತ್ತೋ ಅಲ್ಲಿ ಇಡ್ರಿ. ಗೋದಾಮಿನ್ಯಾಗ ಬೆಳಕಿಲ್ಲ."

ಪವನ ತಿರುಪು ಬಿಚ್ಚಿದ. ಮಣೆಯನ್ನು ಸಾವಕಾರರೇ ತಂದರು, ಬೇರೆ ಆಳು ಇರಲಿಲ್ಲ. ಮೇಜು ಒಂದು ಮಾರು ಆಚೆ ಸರಿಯಿತು. ಚಾಂದ್‌ಬೀ ಕೂತು, ತಾಟನ್ನು ತೊಡೆಯ ಮೇಲಿಟ್ಟು, ಪೆನ್ನು ಅದುಮುವ ಮೊದಲು ತಲೆ ಎತ್ತಿದಳು.

"ಗೌಡ್ರ, ಹೆಸರಿನವ್ರು ಅದಾರೋ, ಹೋಗ್ಯಾರೋ?"

ಗೌಡರು ಸಾವಕಾರರ ಮುಖವನ್ನೊಮ್ಮೆ ನೋಡಿದರು. "ಸದ್ಯಕ್ಕ ಅದಾರಬೇ. ನೀ ಬರಿ."

ಎರಡೂವರೆ ದಿನ ಹಿಡಿಯಿತು. ಯಂತ್ರ ಕೆಡಿಸಿದ ಎರಡು ತಾಟಿನ ಬದಲಿಗೆ ಎರಡು ಹೊಸ ತಾಟನ್ನು ಪೂರಾ ಕೈಯಲ್ಲೇ ಬರೆದಳು. ದಸರೆಯ ಮಾತನ್ನು ಸಾವಕಾರರು ಮತ್ತೆ ಎತ್ತಲಿಲ್ಲ.

ನಿಯಾಜ್ ಯಂತ್ರಕ್ಕೆ ಬೇರೆ ಪೆನ್ನು ತಂದು ಕಟ್ಟಿದ. ಜೊತೆಗೆ ನೀಲಿ ಬೋರ್ಡಿನಿಂದ ಎರಡು ತಂತಿ ಎಳೆದು, ಮನೆ ಬಾಗಿಲಿಗೆ ಹಾಕುವ ಗಂಟೆಯ ಗುಂಡಿಯೊಂದನ್ನು ಮಣೆಯ ಪಕ್ಕದ ಗೋಡೆಗೆ ಬಡಿದ. ಕಂಪ್ಯೂಟರಿನಲ್ಲಿ ಏನೇ ಬರೆಯಲಿ, ಆ ಗುಂಡಿ ಒತ್ತಿ ಟಿಂಗ್ ಎನ್ನುವ ತನಕ ಪೆನ್ನು ಕೆಳಗಿಳಿಯದು. ಕೊಡ ತಂಬಿಗೆಗಳು ಮುಚ್ಚಳದ ಕಾಟ ಕಳೆದುಕೊಂಡು ಆಕೆಯ ತೊಡೆಗೆ ವಾಪಸಾದವು. ತಾಟುಗಳು ಯಂತ್ರಕ್ಕೆ ಉಳಿದವು, ಆಕೆ ಕೇಳಿ ಗುಂಡಿ ಒತ್ತಿದ ಮೇಲೆ. ಸಾವಕಾರರು ಗಿರಾಕಿಗಳಿಗೆ ಇದನ್ನು 'ಡಬಲ್ ಚೆಕಿಂಗ್ ಸಿಸ್ಟಮ್' ಎಂದು ತಾವೇ ಕಂಡುಹಿಡಿದವರ ಹಾಗೆ ವಿವರಿಸುತ್ತಾರೆ. ಪವನ ಅದರ ಮೇಲೆ ಇಪ್ಪತ್ತೆರಡು ಪುಟದ ಪ್ರೆಸೆಂಟೇಶನ್ ಮಾಡಿದ್ದಾನೆ. ಗಂಟೆಯ ಗುಂಡಿಗೆ ಒಂದು ಪುಟ ಸಿಕ್ಕಿದೆ. ಹಿಂದೆ ಕೂತವಳು ಫೋಟೋದಲ್ಲಿ ಅರ್ಧ ಬಂದಿದ್ದಾಳೆ.

ದೀಪಾವಳಿಯ ಮುಂದೆ ಸಾವಕಾರರು ತಮ್ಮ ಗಿರಾಕಿಗಳಿಗೆ ಕೊಡಲು ನೂರು ತಾಟು ತೆಗೆಸಿದರು. ತಮ್ಮ ಹೆಸರನ್ನು ತಾವೇ ಕಂಪ್ಯೂಟರಿನಲ್ಲಿ ಬರೆದು, 'ವ' 'ವ'ವೇ ಆಗಿದೆಯೆಂದು ಎರಡು ಸಲ ನೋಡಿ, ಶುರು ಮಾಡಿದರು. ಯಂತ್ರ ಕದಲಲಿಲ್ಲ. ಅಂಗಡಿಯಲ್ಲಿ ಏಳೆಂಟು ಗಿರಾಕಿಗಳಿದ್ದರು. ಚಾಂದ್‌ಬೀ ಒಂದು ತಂಬಿಗೆಯ ಕಂಠ ಮುಗಿಸುತ್ತಿದ್ದಳು. ಮುಗಿಸಿದಳು, ಒರೆಸಿದಳು, ಕನ್ನಡಕದ ಮೇಲಿನಿಂದ ನೋಡಿದಳು.

"ಹೆಸರಿನವ್ರು ಅದಾರೋ, ಹೋಗ್ಯಾರೋ?"

"ನಿನ್ನ ಮುಂದ ನಿಂತೀನಲ್ಲಬೇ."

"ಬಾಯಿಲೆ ಹೇಳಬೇಕ್ರೀ ಸಾವಕಾರ್ರ. ಸಿಸ್ಟಮ್ ಐತಿ."

ಗಿರಾಕಿಗಳೆಲ್ಲ ಕೈಯಲ್ಲಿದ್ದ ಸಾಮಾನು ಹಿಡಿದುಕೊಂಡೇ ಇತ್ತ ತಿರುಗಿದ್ದರು. ಸಾವಕಾರರು ಗಂಟಲು ಸರಿ ಮಾಡಿಕೊಂಡರು.

"ಅದೀನಿ."

ಚಾಂದ್‌ಬೀ ಗುಂಡಿ ಒತ್ತಿದಳು.